ನಂಬರ್ ಐದರ ಬಾಟಲಿಯೊಳಗಿನ ಹೆಣ್ಣು

ಹೆಂಗಸರ ಸೆಂಟಿನ ಜಾಹೀರಾತುಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಅದರಲ್ಲಿ ಒಬ್ಬ ಚೆಲುವೆ ಇರುತ್ತಾಳೆ. ಒಮ್ಮೆ ನಗುತ್ತಾಳೆ, ಒಮ್ಮೆ ಮುನಿಸಿಕೊಳ್ಳುತ್ತಾಳೆ, ಮತ್ತೊಮ್ಮೆ ಯಾರಿಗೂ ಸಿಗದಂತೆ ಓಡಿಹೋಗುತ್ತಾಳೆ. ಇವಳೆಲ್ಲ ಮುಖಗಳೂ ಈ ಪುಟ್ಟ ಬಾಟಲಿಯಲ್ಲಿವೆ ಎಂಬುದು ಕೊನೆಗೆ ನಮಗೆ ತಲುಪಬೇಕಾದ ಸಂದೇಶ. ಹೆಣ್ತನ ಎಂಬ ಇಷ್ಟು ಸಿಕ್ಕುಸಿಕ್ಕಾದ ಸಂಗತಿಯನ್ನು ಒಂದು ಪರಿಮಳದಲ್ಲಿ ಹಿಡಿದಿಡಬಹುದು ಎಂಬ ಮಾತು ಎಲ್ಲಿ ಹುಟ್ಟಿತು? ಹುಡುಕುತ್ತಾ ಹೋದರೆ ನಾವು ಹೋಗಿ ನಿಲ್ಲುವುದು ನೂರು ವರ್ಷ ಹಿಂದಿನ ಫ್ರಾನ್ಸಿನಲ್ಲಿ, 1921ರಲ್ಲಿ ಮಾರಾಟಕ್ಕೆ ಬಂದ 'ಶನೆಲ್ ನಂಬರ್ 5' ಎಂಬ ಸೆಂಟಿನ ಎದುರು. ಅದರ ಕಥೆಯನ್ನು ಫ್ಯಾಷನ್ ಪುಟಗಳಲ್ಲಿ ಸಾಕಷ್ಟು ಜನ ಬರೆದಿದ್ದಾರೆ. ನಾವು ಅದನ್ನು ಬೇರೊಂದು ಕಡೆಯಿಂದ ನೋಡಲು ಹೊರಟಿದ್ದೇವೆ. ಆ ಬಾಟಲಿಯೊಳಗೆ ಯಾವ ಹೆಣ್ಣು ಇದ್ದಳು, ಅವಳನ್ನು ಒಳಗೆ ತುಂಬಿದವರು ಯಾರು, ಅದರ ಲಾಭ ಯಾರ ಪಾಲಾಯಿತು ಎಂಬುದು ನಮ್ಮ ಪ್ರಶ್ನೆ.

ಮೊದಲು ಆ ಕಾಲದ ಕಟ್ಟುಪಾಡು ತಿಳಿಯಬೇಕು. 19ನೇ ಶತಮಾನದ ಯುರೋಪಿನಲ್ಲಿ ಹೆಂಗಸಿನ ಮರ್ಯಾದೆಯನ್ನು ಮೂಗಿನಿಂದಲೂ ಅಳೆಯುತ್ತಿದ್ದರು. ಒಳ್ಳೆಯ ಮನೆತನದವಳು ಒಂದೇ ಹೂವಿನ ತೆಳು ಪರಿಮಳ ಬಳಸಬೇಕು, ಗುಲಾಬಿಯೋ ವಯೊಲೆಟ್ಟೋ ಲ್ಯಾವೆಂಡರೋ. ಅದನ್ನೂ ಮೈಗೆ ಹಚ್ಚಿಕೊಳ್ಳುವಂತಿಲ್ಲ, ಕರವಸ್ತ್ರಕ್ಕೋ ಕೈಗವಸಿಗೋ ಎರಡು ಹನಿ ಸಾಕು. ಕಸ್ತೂರಿ, ಪುನುಗು, ಪಚೋಲಿ, ಗಾಢವಾದ ಜಾಜಿ ಇವೆಲ್ಲ ಶ್ರೀಮಂತರು ಇಟ್ಟುಕೊಂಡ ಹೆಂಗಸರದು, ನಾಟಕದ ನಟಿಯರದು, ವೇಶ್ಯೆಯರದು ಎಂಬ ಭಾವನೆ ಬೇರೂರಿತ್ತು. ಪಚೋಲಿಯ ಕಥೆ ತಮಾಷೆಯಾಗಿದೆ. ಕಾಶ್ಮೀರದ ಶಾಲುಗಳಿಗೆ ನುಸಿ ಹಿಡಿಯದಿರಲೆಂದು ವ್ಯಾಪಾರಿಗಳು ನಡುವೆ ಪಚೋಲಿ ಎಲೆ ಇಟ್ಟು ಕಳಿಸುತ್ತಿದ್ದರು. ಆ ವಾಸನೆ ಇದ್ದರೆ ಶಾಲು ಅಸಲಿ ಎಂದು ಮೊದಮೊದಲು ದೊಡ್ಡ ಮನೆಯ ಹೆಂಗಸರು ಹೆಮ್ಮೆಪಟ್ಟರು. ಅದೇ ವಾಸನೆ ಬೇರೆ ಹೆಂಗಸರ ಮೈಮೇಲೂ ಬಂದಾಗ ಮೂಗು ಮುಚ್ಚಿಕೊಂಡರು. ಎಲೆ ಅದೇ, ವಾಸನೆಯೂ ಅದೇ. ಬದಲಾದದ್ದು ಅದನ್ನು ಹಾಕಿಕೊಂಡವಳು.

ನಮ್ಮ ಓದುಗರಿಗೆ ಇದು ತೀರಾ ಪರದೇಶದ ಸುದ್ದಿ ಅನ್ನಿಸಲಾರದು. ಗಂಡ ಸತ್ತವಳು ಹೂ ಮುಡಿಯಬಾರದು ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಯಾರ ತಲೆಯಲ್ಲಿ ಮಲ್ಲಿಗೆ ಇದೆ, ಯಾರ ತಲೆಯಲ್ಲಿ ಇಲ್ಲ ಎಂಬುದರಿಂದಲೇ ಹೆಣ್ಣಿನ ಸ್ಥಾನ ಓದುವ ಊರುಗಳಲ್ಲಿ ನಮ್ಮದೂ ಒಂದು.

ಯುರೋಪಿನ ಆ ಗೆರೆಯನ್ನು ಮೊದಲು ಅಲುಗಾಡಿಸಿದ್ದು ರಸಾಯನ ವಿಜ್ಞಾನ. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕೂಮರಿನ್ ಎಂಬ ವಸ್ತುವನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದ. ಒಣಹುಲ್ಲಿನ ಮೆದೆಯ ಬಳಿ ನಿಂತಂಥ ವಾಸನೆ ಅದರದು. 1874ರಲ್ಲಿ ಜರ್ಮನಿಯಲ್ಲಿ ವೆನಿಲಾದ ಸಾರವಾದ ವೆನಿಲಿನ್ನೂ ಹಾಗೆಯೇ ತಯಾರಾಯಿತು. 1882ರಲ್ಲಿ ಊಬಿಗಾಂ ಕಂಪನಿಯ 'ಫುಜೇರ್ ರಾಯಾಲ್' ಬಂತು, 1889ರಲ್ಲಿ ಗೆರ್ಲೆನ್ ಮನೆಯ 'ಜಿಕಿ' ಬಂತು. ಇವು ಯಾವ ಹೂವಿನ ಹಾಗೂ ಇರಲಿಲ್ಲ. ತಯಾರಕನ ತಲೆಯೊಳಗೆ ಹುಟ್ಟಿದ ಪರಿಮಳಗಳಿವು. ಜಿಕಿಯನ್ನು ಮೊದಲು ಹೆಚ್ಚಾಗಿ ಬಳಸಿದವರು ಗಂಡಸರು, ಹೆಂಗಸರು ಒಪ್ಪಿಕೊಂಡದ್ದು ಆಮೇಲೆ ಎನ್ನುತ್ತಾರೆ. ಹೂವಿನ ಹೆಸರು ಹೇಳಲಾಗದ ಪರಿಮಳ ಹಾಕಿಕೊಂಡವಳನ್ನು ಯಾವ ಸಾಲಿಗೆ ಸೇರಿಸುವುದು ಎಂಬ ಗೊಂದಲ ಸಮಾಜಕ್ಕೂ ಇದ್ದಿರಬೇಕು.

ಈ ಹೊತ್ತಿಗೆ ಬೆಳೆಯುತ್ತಿದ್ದವಳು ಗೇಬ್ರಿಯಲ್ ಶನೆಲ್. ಹುಟ್ಟಿದ್ದು 1883ರಲ್ಲಿ, ಸೋಮುರ್ ಎಂಬ ಊರಿನ ಬಡವರ ಆಸ್ಪತ್ರೆಯಲ್ಲಿ. ತಾಯಿ ಬಟ್ಟೆ ಒಗೆಯುತ್ತಿದ್ದಳು. ತಂದೆ ಊರೂರು ಅಲೆದು ಸಂತೆಗಳಲ್ಲಿ ಚಿಲ್ಲರೆ ಸಾಮಾನು ಮಾರುತ್ತಿದ್ದ. 1895ರಲ್ಲಿ ತಾಯಿ ತೀರಿಕೊಂಡಳು, ತಂದೆ ಹೆಣ್ಣುಮಕ್ಕಳನ್ನು ಬಿಟ್ಟುಹೋದ. ಗೇಬ್ರಿಯಲ್ ಬೆಳೆದದ್ದು ಒಬಾಜಿನ್ ಎಂಬಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಅನಾಥಾಲಯದಲ್ಲಿ ಎಂದು ಆಕೆಯ ಜೀವನಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಹೇಳುತ್ತಾರೆ. ಆಕೆ ಮಾತ್ರ ಬದುಕಿಡೀ ಅನಾಥಾಲಯದ ಸುದ್ದಿ ಎತ್ತದೆ, ಅತ್ತೆಯರ ಮನೆಯಲ್ಲಿ ಬೆಳೆದೆ ಎಂದು ಕಥೆ ಕಟ್ಟುತ್ತಿದ್ದಳು.

ಮುಂದೆ ಮೂಲಾಂ ಎಂಬ ಪಟ್ಟಣದಲ್ಲಿ ಹೊಲಿಗೆ ಕೆಲಸ, ಸಂಜೆ ಸೈನಿಕರು ಬರುವ ಕಡೆ ಹಾಡುವುದು. 'ಕೊಕೊ' ಎಂಬ ಅಡ್ಡಹೆಸರು ಅಂಟಿಕೊಂಡದ್ದು ಅಲ್ಲೇ. ಆಮೇಲೆ ಎತಿಯೆನ್ ಬಾಲ್ಸಾಂ ಎಂಬ ಶ್ರೀಮಂತ ಆಕೆಯನ್ನು ತನ್ನ ಬಂಗಲೆಯಲ್ಲಿ ಇಟ್ಟುಕೊಂಡ. ಮದುವೆಯಿಲ್ಲ. ಅಲ್ಲಿಗೆ ಬಂದುಹೋಗುತ್ತಿದ್ದ ಹೆಂಗಸರಲ್ಲಿ ಪ್ಯಾರಿಸ್ಸಿನ ಹೆಸರಾಂತ ಗಣಿಕೆಯರೂ ಇದ್ದರು. ಬಾಲ್ಸಾಂನ ಗೆಳೆಯ, ಇಂಗ್ಲಿಷರವನಾದ ಬಾಯ್ ಕೇಪಲ್ ಕೊಟ್ಟ ಹಣದಲ್ಲಿ 1910ರಲ್ಲಿ ಪ್ಯಾರಿಸ್ಸಿನ ಕಾಂಬೋನ್ ಬೀದಿಯಲ್ಲಿ ಟೋಪಿ ಅಂಗಡಿ ತೆರೆದಳು. ಕೇಪಲ್ ಆಕೆಯನ್ನು ಪ್ರೀತಿಸಿದ, ಆದರೆ ಮದುವೆಯಾದದ್ದು ಮನೆತನಸ್ಥೆಯನ್ನು. 1919ರ ಡಿಸೆಂಬರಿನಲ್ಲಿ ಕಾರು ಅಪಘಾತದಲ್ಲಿ ಸತ್ತ.

ಅಂದರೆ ಮರ್ಯಾದಸ್ಥ ಹೆಣ್ಣು, ಮರ್ಯಾದೆಗೆಟ್ಟ ಹೆಣ್ಣು ಎಂದು ಸಮಾಜ ಎಳೆದ ಗೆರೆಯ ಎರಡೂ ಕಡೆ ಆಕೆ ಬದುಕಿದ್ದಳು. ಒಂದು ಕಡೆ ಸೋಪಿನಿಂದ ಉಜ್ಜಿ ತೊಳೆದ ಅನಾಥಾಲಯ, ಇನ್ನೊಂದು ಕಡೆ ಇಟ್ಟುಕೊಂಡವಳ ಬಂಗಲೆ. ಇದು ಗೊತ್ತಿಲ್ಲದೆ ನಂಬರ್ ಐದನ್ನು ಅರ್ಥಮಾಡಿಕೊಳ್ಳಲು ಆಗುವುದಿಲ್ಲ ಎಂದು ನಮಗನ್ನಿಸುತ್ತದೆ.

1920ರ ಹೊತ್ತಿಗೆ ಬಟ್ಟೆ ವ್ಯಾಪಾರದಲ್ಲಿ ಶನೆಲ್ ಗೆದ್ದಾಗಿತ್ತು. ಉಡುಪಿನ ಜತೆ ಸೆಂಟು ಮಾರುವ ಯೋಚನೆ ಆಕೆಯದೇ ಅಲ್ಲ. ಪಾಲ್ ಪ್ವಾರೆ ಎಂಬ ವಸ್ತ್ರವಿನ್ಯಾಸಕ 1911ರಲ್ಲೇ ಮಗಳು ರೋಸಿನ್ ಹೆಸರಿನಲ್ಲಿ ಸೆಂಟಿನ ಕಂಪನಿ ತೆರೆದಿದ್ದ. ಆದರೆ ಶನೆಲ್ ಕೇಳಿದ್ದು ಬೇರೆ. ಗುಲಾಬಿಯ ಹಾಗೆ, ಲಿಲಿಯ ಹಾಗೆ ಇರುವ ಸೆಂಟು ಬೇಡ. ಉಡುಪನ್ನು ಹೇಗೆ ಕತ್ತರಿಸಿ ಹೊಲಿಯುತ್ತೇವೋ ಹಾಗೆ ಕೈಯಿಂದ ಕಟ್ಟಿದ, ಕೃತಕ ಎಂದು ಹೇಳಿಕೊಳ್ಳಲು ನಾಚದ ಪರಿಮಳ ಬೇಕು. ಹೆಣ್ಣು ಹೂವಿನಂತೆ ನಾರಬೇಕಿಲ್ಲ, ಹೆಣ್ಣಿನಂತೆ ಇದ್ದರೆ ಸಾಕು ಎಂಬುದು ಆಕೆಯ ವಾದ.

ಅದನ್ನು ಕಟ್ಟಿಕೊಟ್ಟವನು ಅರ್ನೆಸ್ಟ್ ಬೋ. 1881ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಫ್ರೆಂಚ್ ಮೂಲದವನು. ರಷ್ಯಾದ ದೊರೆಮನೆಗೆ ಸುಗಂಧ ಒದಗಿಸುತ್ತಿದ್ದ ರಾಲೆ ಕಂಪನಿಯಲ್ಲಿ ಕೆಲಸ ಮಾಡಿದ್ದ. 1917ರ ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ಬೊಲ್ಶೆವಿಕರ ವಿರುದ್ಧದ ಪಾಳಯದಲ್ಲಿದ್ದು, ಉತ್ತರ ಧ್ರುವದ ಹತ್ತಿರದ ಸೀಮೆಯಲ್ಲಿ ಕಾಲ ಕಳೆದು, ಬಳಿಕ ಫ್ರಾನ್ಸಿಗೆ ಬಂದು ಸೇರಿದ. ಮಧ್ಯರಾತ್ರಿಯಲ್ಲೂ ಸೂರ್ಯನಿರುವ ಆ ನಾಡಿನ ಕೆರೆ, ಹೊಳೆಗಳ ತಾಜಾತನವನ್ನು ಈ ಸೆಂಟಿನಲ್ಲಿ ಹಿಡಿಯಲು ಯತ್ನಿಸಿದೆ ಎಂದು ಅವನೇ ಮುಂದೆ ಹೇಳಿಕೊಂಡ. ಶನೆಲ್ ಎದುರು ಅವನು ಇಟ್ಟ ಮಾದರಿಗಳಿಗೆ 1ರಿಂದ 5, 20ರಿಂದ 24 ಎಂದು ಸಂಖ್ಯೆ ಕೊಟ್ಟಿದ್ದ. ಆಕೆ ಆರಿಸಿದ್ದು 5ನ್ನು.

ಆ ಮಾದರಿಯಲ್ಲಿ ಏನಿತ್ತು? ಗ್ರಾಸ್ ಎಂಬ ಊರಿನ ಜಾಜಿ, ಗುಲಾಬಿ, ಇಲಾಂಗ್-ಇಲಾಂಗ್ ಹೂವು, ಲಾವಂಚ, ಶ್ರೀಗಂಧ, ಕಸ್ತೂರಿಯ ಛಾಯೆ. ಇವೆಲ್ಲದರ ಮೇಲೆ ಆಲ್ಡಿಹೈಡ್ ಎಂಬ ರಾಸಾಯನಿಕಗಳು, ಅಲ್ಲಿಯವರೆಗೆ ಯಾರೂ ಧೈರ್ಯ ಮಾಡದಷ್ಟು ಪ್ರಮಾಣದಲ್ಲಿ. ಆಲ್ಡಿಹೈಡಿನ ವಾಸನೆ ಹೇಗಿರುತ್ತದೆ ಎಂದು ಕೇಳಿದರೆ ಸುಗಂಧ ಬಲ್ಲವರು ಹೇಳುವುದು ಹೀಗೆ: ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆ, ಆರಿಸಿದ ಮೇಣದಬತ್ತಿ, ಕಿತ್ತಳೆ ಸಿಪ್ಪೆ, ಒಳ್ಳೆಯ ಸೋಪು. ಸಹಾಯಕ ತಪ್ಪಿ ಹತ್ತು ಪಟ್ಟು ಸುರಿದುಬಿಟ್ಟ, ಅದರಿಂದ ಈ ಪರಿಮಳ ಹುಟ್ಟಿತು ಎಂಬ ಕಥೆ ಪ್ರಚಾರದಲ್ಲಿದೆ. ನಾವು ಅದನ್ನು ನಂಬುವುದಿಲ್ಲ. ಬೋ ರಷ್ಯಾದ ದಿನಗಳಲ್ಲಿ ಮಾಡಿದ್ದ ಒಂದು ಸುಗಂಧ, ಮುಂದೆ 'ರಾಲೆ ನಂಬರ್ 1' ಎಂದು ಹೆಸರಾದದ್ದು, ಇದೇ ದಾರಿಯಲ್ಲಿತ್ತು. ವರ್ಷಗಟ್ಟಲೆ ತಿದ್ದಿ ತೀಡಿದ ಕೆಲಸವಿದು, ಕೈತಪ್ಪಿನಿಂದ ಆದದ್ದಲ್ಲ.

ಈಗ ಆ ಹಳೆಯ ಗೆರೆಯನ್ನು ನೆನಪಿಸಿಕೊಳ್ಳಿ. ಜಾಜಿ, ಕಸ್ತೂರಿ ಒಂದು ಬಗೆಯ ಹೆಂಗಸಿನದು. ಸೋಪು, ಒಗೆದು ಮಡಿಸಿದ ಬಟ್ಟೆಯ ವಾಸನೆ ಇನ್ನೊಂದು ಬಗೆಯವಳದು. ನಂಬರ್ 5ರಲ್ಲಿ ಎರಡೂ ಒಟ್ಟಿಗಿವೆ. ಹಾಕಿಕೊಂಡವಳು ಯಾವ ಸಾಲಿನವಳು ಎಂದು ಮೂಗಿನಿಂದ ತೀರ್ಮಾನಿಸಲು ಇನ್ನು ಸಾಧ್ಯವಿಲ್ಲ. ಬಟ್ಟೆ ಒಗೆಯುವವಳ ಮಗಳೊಬ್ಬಳು ಈ ಮಾದರಿಯನ್ನೇ ಆರಿಸಿದ್ದು ಆಕಸ್ಮಿಕವೇ? ಇದಕ್ಕೆ ದಾಖಲೆ ಕೇಳಬೇಡಿ, ಇದು ನಮ್ಮ ಓದು ಅಷ್ಟೇ.

ಹೆಸರಿನ ವಿಷಯವೂ ಹೀಗೆಯೇ. ಆಗಿನ ಸೆಂಟುಗಳಿಗೆ ಹೂವಿನ ಹೆಸರೋ, ಪ್ರೇಮದ, ದೂರದೇಶದ ಕನಸಿನ ಹೆಸರೋ ಇರುತ್ತಿತ್ತು. ಬಾಟಲಿಗಳಿಗೂ ಕೆತ್ತನೆ, ಕುಸುರಿ. ಶನೆಲ್ ನೇರ ಗೆರೆಗಳ ಗಾಜಿನ ಬಾಟಲಿ ಮಾಡಿಸಿ, ಬಿಳಿ ಚೀಟಿಯ ಮೇಲೆ ಕಪ್ಪಕ್ಷರದಲ್ಲಿ ಒಂದು ಅಂಕಿ ಅಂಟಿಸಿದಳು. ನೀನು ಗುಲಾಬಿ, ನೀನು ಮಲ್ಲಿಗೆ ಎಂದು ಹೆಂಗಸಿಗೆ ಹೇಳುವ ಗೋಜಿಗೇ ಹೋಗದ ಹೆಸರದು.

ಇಲ್ಲಿ ನಮ್ಮ ನಾಡಿಗೂ ಒಂದು ಎಳೆ ಇದೆ. ಸೆಂಟು ಹಾರಿಹೋಗದಂತೆ ತಳದಲ್ಲಿ ಹಿಡಿದು ನಿಲ್ಲಿಸುವ ವಸ್ತುಗಳಲ್ಲಿ ಶ್ರೀಗಂಧದೆಣ್ಣೆ ಮುಖ್ಯವಾದದ್ದು. ಆ ಕಾಲದ ಸುಗಂಧ ತಯಾರಕರಿಗೆ ಒಳ್ಳೆಯ ಶ್ರೀಗಂಧ ಎಂದರೆ ಮೈಸೂರಿನದು. 1914ರ ತನಕ ಮೈಸೂರು ಸೀಮೆಯ ಗಂಧದ ಕೊರಡು ಬಹುಪಾಲು ಹೊರದೇಶಕ್ಕೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮಹಾಯುದ್ಧ ಶುರುವಾಗಿ ಸಾಗಣೆ ನಿಂತಾಗ ಕೊರಡು ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ, ದಿವಾನರಾಗಿ ಸರ್ ಎಂ. ವಿಶ್ವೇಶ್ವರಯ್ಯ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಭಟ್ಟಿ ಇಳಿಸುವ ವಿಧಾನವನ್ನು ಪ್ರಯೋಗ ಮಾಡಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಯುದ್ಧ ಮುಗಿದು ಪ್ಯಾರಿಸ್ ಮತ್ತೆ ಸುಗಂಧದತ್ತ ಹೊರಳುವ ಹೊತ್ತಿಗೆ ಮೈಸೂರು ಕೊರಡಿನ ಬದಲು ಎಣ್ಣೆಯನ್ನೇ ಮಾರುವಂತಾಗಿತ್ತು.

ಆದರೆ ಆ ಮರ ಯಾರದು? 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಎಂದು ಸಾರಿದ ಮೇಲೆ, ಜಮೀನು ರೈತನದಾದರೂ ಅದರಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡ ಸರ್ಕಾರದ್ದು ಎಂಬ ಪದ್ಧತಿ ಬೆಳೆದುಬಂತು. ರೈತನೇ ಅದರ ಒಡೆಯ ಎಂದು ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದದ್ದು 2001ರಲ್ಲಿ. ಹೊಲದ ಬದುವಿನಲ್ಲಿ ಗಂಧದ ಸಸಿ ಕಂಡರೆ ಯಾಕಪ್ಪಾ ಈ ತಾಪತ್ರಯ ಎಂದು ಕಿತ್ತೆಸೆಯುತ್ತಿದ್ದವರ ಮಾತನ್ನು ನಮ್ಮ ಹಿರಿಯರಿಂದ ಕೇಳಿದ್ದೇವೆ.

ಜಾಜಿಯ ಕಥೆಗೂ ಮುಖವಿಲ್ಲ. ಫ್ರಾನ್ಸಿನ ದಕ್ಷಿಣದ ಗ್ರಾಸ್ ಸೀಮೆಯಲ್ಲಿ ಬೇಸಿಗೆಯ ಕೊನೆಯಿಂದ ಜಾಜಿ ಕೊಯ್ಲು. ಬೆಳಕು ಹರಿಯುವ ಹೊತ್ತಿಗೆ, ಬಿಸಿಲೇರುವ ಮುನ್ನ ಬಗ್ಗಿ ಒಂದೊಂದೇ ಹೂ ಬಿಡಿಸಬೇಕು. ಒಂದು ಕಿಲೋ ತೂಗಲು ಸುಮಾರು 8 ಸಾವಿರದಿಂದ 10 ಸಾವಿರ ಹೂ ಬೇಕು. ಕೊಯ್ಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಹೆಣ್ತನದ ಸುಗಂಧ ಎಂದು ಹೊಗಳಿಸಿಕೊಂಡ ಬಾಟಲಿಯ ಚರಿತ್ರೆಯಲ್ಲಿ ಇವರಲ್ಲಿ ಒಬ್ಬರ ಹೆಸರೂ ಬರುವುದಿಲ್ಲ. ಮಲ್ಲಿಗೆ ಬೆಳೆಯುವ ಊರುಗಳನ್ನು ಕಂಡ ಯಾರಿಗಾದರೂ ಆ ಬೆನ್ನುನೋವು ಎಂಥದೆಂದು ಗೊತ್ತಿರುತ್ತದೆ.

ಇನ್ನು ದುಡ್ಡಿನ ವಿಚಾರ. ನಂಬರ್ 5 ಶನೆಲ್ ಅಂಗಡಿಗಳಲ್ಲಿ ಬಿಸಿ ದೋಸೆಯಂತೆ ಖರ್ಚಾಯಿತು. ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಕಾರ್ಖಾನೆ ಬೇಕಿತ್ತು. 1924ರಲ್ಲಿ ಪಿಯೆರ್ ಮತ್ತು ಪಾಲ್ ವೆರ್ಥೈಮರ್ ಸಹೋದರರ ಜತೆ ಕರಾರು ಆಯಿತು. ಹೊಸ ಕಂಪನಿಯಲ್ಲಿ ಸಹೋದರರಿಗೆ 70 ಪಾಲು, ಅವರನ್ನು ಪರಿಚಯಿಸಿದ ವ್ಯಾಪಾರಿ ಥಿಯೋಫಿಲ್ ಬಾದೇರ್‌ಗೆ 20 ಪಾಲು, ಹೆಸರು ಕೊಟ್ಟ ಶನೆಲ್‌ಗೆ ನೂರರಲ್ಲಿ 10. ಬದುವಿನ ಗಂಧದ ಗಿಡದಂತೆಯೇ ಇದು. ಬೇರು ಆಕೆಯ ನೆಲದಲ್ಲಿ, ಮರ ಇನ್ನೊಬ್ಬರದು. ಸಹಿ ಹಾಕಿದ್ದು ತಾನೇ ಆದರೂ ಮೋಸವಾಯಿತೆಂದು ಆಕೆ ಮುಂದಿನ ಇಪ್ಪತ್ತು ವರ್ಷ ಕುದಿದಳು, ವಕೀಲರನ್ನು ಇಟ್ಟು ಕಾದಾಡಿದಳು.

ಇಲ್ಲಿಗೆ ನಿಲ್ಲಿಸಿದರೆ ಅನ್ಯಾಯಕ್ಕೊಳಗಾದ ಹೆಣ್ಣಿನ ಕಥೆಯೊಂದು ಸಿಕ್ಕುತ್ತಿತ್ತು. ಚರಿತ್ರೆ ಅಷ್ಟು ಸಲೀಸಲ್ಲ. 1940ರಲ್ಲಿ ಹಿಟ್ಲರನ ಸೇನೆ ಪ್ಯಾರಿಸ್ಸಿಗೆ ಬಂತು. ವೆರ್ಥೈಮರ್‌ಗಳು ಯಹೂದಿಗಳು, ಅಮೆರಿಕಕ್ಕೆ ಪಾರಾದರು. ಯಹೂದಿಗಳ ಆಸ್ತಿಯನ್ನು ಕಿತ್ತು ಇತರರಿಗೆ ಕೊಡುವ ಕಾನೂನು ಜಾರಿಯಲ್ಲಿತ್ತು. 1941ರಲ್ಲಿ ಶನೆಲ್ ಆ ಕಾನೂನನ್ನೇ ಹಿಡಿದು, ಕಂಪನಿಯನ್ನು ತನಗೆ ಕೊಡಿಸಿ ಎಂದು ಅಧಿಕಾರಿಗಳಿಗೆ ಬರೆದಳು. ಆಗ ಆಕೆ ಜರ್ಮನ್ ಅಧಿಕಾರಿಯೊಬ್ಬನ ಸಂಗಾತಿಯಾಗಿದ್ದಳು. ಆದರೆ ವೆರ್ಥೈಮರ್‌ಗಳು ಮುಂದಾಲೋಚನೆಯಿಂದ ಕಂಪನಿಯನ್ನು ಫೆಲಿಕ್ಸ್ ಅಮಿಯೋ ಎಂಬ, ಯಹೂದಿಯಲ್ಲದ ಉದ್ಯಮಿಯ ಹೆಸರಿಗೆ ಮಾಡಿಬಿಟ್ಟಿದ್ದರು. ಆಕೆಯ ಆಟ ನಡೆಯಲಿಲ್ಲ. ಯುದ್ಧ ಮುಗಿದ ಮೇಲೆ ಅಮಿಯೋ ಕಂಪನಿಯನ್ನು ಹಿಂದಿರುಗಿಸಿದ. 1947ರಲ್ಲಿ ಇಬ್ಬರ ನಡುವೆ ರಾಜಿಯಾಗಿ, ಜಗತ್ತಿನಾದ್ಯಂತ ನಡೆಯುವ ಮಾರಾಟದಲ್ಲಿ ನೂರಕ್ಕೆ 2ರಷ್ಟು ಆಕೆಗೆ ಎಂದು ತೀರ್ಮಾನವಾಯಿತು.

ಹೆಣ್ತನದ ಸಂಕೀರ್ಣತೆ ಎಂದು ಜಾಹೀರಾತು ಹೇಳುವಾಗ ಈ ಪುಟ ಅದರಲ್ಲಿ ಇರುವುದಿಲ್ಲ. ತುಳಿತಕ್ಕೆ ಸಿಕ್ಕಿದವಳು ಅವಕಾಶ ಬಂದಾಗ ಇನ್ನೊಬ್ಬರನ್ನು ತುಳಿಯಲು ಹೊರಡಬಹುದು. ಹೆಣ್ಣನ್ನು ಹೂವೆಂದು ಕರೆಯುವುದನ್ನು ಬಿಟ್ಟು ಮನುಷ್ಯಳೆಂದು ಒಪ್ಪಿದ ಮೇಲೆ ಇದನ್ನೂ ಒಪ್ಪಬೇಕಾಗುತ್ತದೆ.

ಬಾಟಲಿಯ ಮುಂದಿನ ಬದುಕು ಎಲ್ಲರಿಗೂ ಗೊತ್ತಿರುವಂಥದ್ದು. 1937ರಲ್ಲಿ ಜಾಹೀರಾತಿಗೆ ಶನೆಲ್ ತಾನೇ ನಿಂತಳು. 1950ರ ದಶಕದಲ್ಲಿ, ಮಲಗುವಾಗ ಏನು ತೊಡುತ್ತೀರಿ ಎಂದು ಕೇಳಿದವರಿಗೆ ಮರ್ಲಿನ್ ಮನ್ರೋ ಈ ಸೆಂಟಿನ ಹೆಸರು ಹೇಳಿದಳು. ಅಲ್ಲಿಂದ ನಂಬರ್ 5 ಗಂಡಸಿನ ಕನಸಿನ ಹೆಣ್ಣಿನ ಗುರುತಾಯಿತು. 2012ರಲ್ಲಿ ಅದರ ಜಾಹೀರಾತಿಗೆ ಬ್ರ್ಯಾಡ್ ಪಿಟ್ ಬಂದ. ನಮಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಬೇರೊಂದು ಪಟ್ಟಿ. ಶನೆಲ್ ಮನೆಗೆ ಮುಖ್ಯ ಸುಗಂಧ ತಯಾರಕರಾಗಿ ಈತನಕ ಬಂದವರು ಅರ್ನೆಸ್ಟ್ ಬೋ, ಆಂರಿ ರೊಬೇರ್, ಜಾಕ್ ಪೋಲ್ಜ್, ಮತ್ತು ಅವರ ಮಗ ಒಲಿವಿಯೆ ಪೋಲ್ಜ್. ನಾಲ್ವರೂ ಗಂಡಸರು.

ಹೆಂಗಸರಿಗೆ ಈ ಕೆಲಸ ಬರುತ್ತಿರಲಿಲ್ಲವೇ? 1909ರಲ್ಲಿ ಬೋರ್ದೋದಲ್ಲಿ ಹುಟ್ಟಿದ ಜರ್ಮೇನ್ ಸೆಲಿಯೆ ರಸಾಯನ ವಿಜ್ಞಾನ ಓದಿ, ರೂರ್ ಎಂಬ ಸುಗಂಧ ಕಂಪನಿ ಸೇರಿದಳು. ಗಂಡಸರೇ ತುಂಬಿದ್ದ ಆ ವೃತ್ತಿಯಲ್ಲಿ ಆಕೆ ಯಾರಿಗೂ ತಲೆಬಾಗುವ ಪೈಕಿಯಲ್ಲ. ಕೊನೆಗೆ ಕಂಪನಿ ಆಕೆಗೆ ಬೇರೆ ಪ್ರಯೋಗಶಾಲೆಯನ್ನೇ ಮಾಡಿಕೊಟ್ಟಿತು. ವಸ್ತ್ರವಿನ್ಯಾಸಕ ರೊಬೇರ್ ಪಿಗೇಗಾಗಿ 1944ರಲ್ಲಿ 'ಬಾಂದಿ' ಎಂಬ ಸೆಂಟು ಮಾಡಿದಳು. ಹೆಸರಿನ ಅರ್ಥ ಡಕಾಯಿತ. ಚರ್ಮದ, ಕಹಿ ಸೊಪ್ಪಿನ, ಹೊಗೆಯ ವಾಸನೆ. ಅವನಿಗೇ 1948ರಲ್ಲಿ 'ಫ್ರಕಾ' ಮಾಡಿದಳು. ಅದರ ತುಂಬ ಸುಗಂಧರಾಜ ಹೂವಿನ ಪರಿಮಳ, ಕೋಣೆಗೆ ಬಂದವಳು ಹೋದಮೇಲೂ ಉಳಿಯುವಷ್ಟು. ಇವೆರಡರ ನಡುವೆ, 1947ರಲ್ಲಿ ಬಾಲ್ಮ್ಯಾಂ ಮನೆಗೆ 'ವಾಂ ವೇರ್' ಎಂಬ, ಮುರಿದ ಹಸಿ ಕಾಂಡದಂಥ ಪರಿಮಳ. ಎಲ್ಲ ಹೆಣ್ತನವನ್ನೂ ಒಂದೇ ಬಾಟಲಿಗೆ ತುಂಬುವ ಗೋಜಿಗೆ ಸೆಲಿಯೆ ಹೋಗಲಿಲ್ಲ. ಒಂದಕ್ಕೊಂದು ಹೊಂದದ ಮೂರು ಬಾಟಲಿ ಮಾಡಿಟ್ಟಳು. ಯಾವುದು ಬೇಕೋ ಅದನ್ನು ಹೆಂಗಸೇ ಆರಿಸಲಿ. 1976ರಲ್ಲಿ ತೀರಿಕೊಂಡ ಆಕೆಯ ಹೆಸರನ್ನು ಸುಗಂಧದ ಹುಚ್ಚಿರುವವರು ಬಿಟ್ಟರೆ ಹೆಚ್ಚಿನವರು ಕೇಳಿಲ್ಲ. ಆ ಬಾಟಲಿಗಳ ಮೇಲೆ ಇದ್ದದ್ದು ಪಿಗೇ, ಬಾಲ್ಮ್ಯಾಂ ಎಂಬ ಹೆಸರುಗಳು.

ಇನ್ನೊಂದು ಚಿಕ್ಕ ಸಂಗತಿ. ಆಗ ಅಮೆರಿಕದಲ್ಲಿ ಹೆಂಗಸರು ಸೆಂಟನ್ನು ತಾವೇ ಕೊಳ್ಳುತ್ತಿದ್ದದ್ದು ಕಡಿಮೆ. ಹುಟ್ಟುಹಬ್ಬಕ್ಕೋ ಕ್ರಿಸ್‌ಮಸ್ಸಿಗೋ ಗಂಡ ತಂದುಕೊಡಬೇಕು. ಎಸ್ಟೀ ಲಾಡರ್ ಎಂಬ ವ್ಯಾಪಾರಿ 1953ರಲ್ಲಿ 'ಯೂತ್ ಡ್ಯೂ' ಎಂಬ ಸುಗಂಧವನ್ನು ಸ್ನಾನದ ಎಣ್ಣೆ ಎಂದು ಮಾರಿದಳು. ಸೋಪು, ಎಣ್ಣೆ ಕೊಳ್ಳಲು ಯಾರ ಅಪ್ಪಣೆ ಬೇಕು? ಹೆಂಗಸರು ತಮ್ಮ ದುಡ್ಡಿನಲ್ಲಿ, ತಮಗಾಗಿ ಕೊಂಡರು. ಸುಗಂಧದ ಚರಿತ್ರೆಯಲ್ಲಿ ಆಲ್ಡಿಹೈಡಿನಷ್ಟೇ ದೊಡ್ಡ ಬದಲಾವಣೆ ಇದೆಂದು ನಾವು ಎಣಿಸುತ್ತೇವೆ.

ಹೆಣ್ತನವನ್ನು ಸುಗಂಧದಲ್ಲಿ ಹಿಡಿದಿಡಲು ಆಗುತ್ತದೆಯೇ ಎಂಬ ಪ್ರಶ್ನೆಗೆ ನಮ್ಮ ಉತ್ತರ, ಇಲ್ಲ. ನಂಬರ್ 5 ಮಾಡಿದ ನಿಜವಾದ ಕೆಲಸ ಅದಲ್ಲವೇ ಅಲ್ಲ. ಇಂಥ ಹೆಣ್ಣಿಗೆ ಇಂಥ ವಾಸನೆ ಎಂಬ ವಿಂಗಡಣೆಯನ್ನು ಅದು ಸ್ವಲ್ಪ ಕಾಲ ಕೆಡಿಸಿತು. ಆಮೇಲೆ ಜಾಹೀರಾತು ಬಂದು ಇನ್ನೊಂದು ವಿಂಗಡಣೆ ತಂದಿತು, ಅದರಿಂದ ಹೊರಬರಲು ಸೆಲಿಯೆ, ಲಾಡರ್ ಅಂಥವರು ಮತ್ತೆ ದುಡಿಯಬೇಕಾಯಿತು.

ನಮ್ಮೂರುಗಳಲ್ಲಿ ಈ ಕೆಲಸ ಇನ್ನೂ ಬಾಕಿ ಇದೆ. ಅದಕ್ಕೆ ಪ್ಯಾರಿಸ್ಸಿನ ಬಾಟಲಿ ಬೇಕಿಲ್ಲ. ಗಂಡ ಸತ್ತ ಅಕ್ಕನೋ ಚಿಕ್ಕಮ್ಮನೋ ಹಬ್ಬದ ದಿನ ಹೂವಿನ ಬುಟ್ಟಿಯ ಮುಂದೆ ನಿಂತಾಗ, ಮೊಳ ಮಲ್ಲಿಗೆ ಕೊಂಡು ಕೈಗಿಟ್ಟರೆ ಸಾಕು. ಮುಡಿಯುವುದೋ ಬಿಡುವುದೋ ಅವರಿಷ್ಟ.